ಒಂದೇ ಬೋಗುಣಿಯ ಮಂಡಿಗಳು

ಮಲಗುವ ಮುಂಚೆ ಮಂಡಿಗಳನ್ನು ಬಿಚ್ಚಿ ಬಿಸಿ ಉಪ್ಪುನೀರಲ್ಲಿ ನೆನೆಹಾಕುವುದು ಎಲ್ಲರ ಮನೆಯ ವಾಡಿಕೆ. ವನಜಾಕ್ಷಮ್ಮನ ಮನೆಯಲ್ಲಿ ಗಂಡ ಹೆಂಡತಿಗೆ ಒಂದೇ ಬೋಗುಣಿ. ಆಕೆಯದು ಸಂಧಿವಾತದ ಮಂಡಿ. ನೋವು ಅಂದಾಗಲೆಲ್ಲ ಗಂಡ ನಾಗಭೂಷಣಯ್ಯನವರದು ಒಂದೇ ಮಾತು: "ನಾಲ್ಕು ಹೆಜ್ಜೆ ನಡಿ, ಸರಿಹೋಗುತ್ತೆ."

ಅವತ್ತು ರಾತ್ರಿ ಆಕೆಯ ಮಂಡಿಗೆ ಗುರುತಿಗೆಂದು ಕಟ್ಟಿದ್ದ ಕೆಂಪು ದಾರ ನೀರಲ್ಲಿ ಕಳಚಿಹೋಗಿತ್ತು. ಬೆಳಿಗ್ಗೆ ಹಾಲು ತರುವ ಅವಸರದಲ್ಲಿ ನಾಗಭೂಷಣಯ್ಯ ಕೈಗೆ ಸಿಕ್ಕ ಜೋಡಿ ಸಿಕ್ಕಿಸಿಕೊಂಡು ಹೊರಟರು. ಉಳಿದದ್ದನ್ನು ಹಾಕಿಕೊಂಡು ಎದ್ದ ವನಜಾಕ್ಷಮ್ಮನಿಗೆ ಎಲ್ಲೂ ನೋವಿಲ್ಲ! ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು, ಆರು ವರ್ಷದಿಂದ ಕಾಣದ ತಾರಸಿಗೆ ಒಂದೇ ಉಸಿರಿಗೆ ಹತ್ತಿಬಿಟ್ಟರು.

ಅಷ್ಟರಲ್ಲಿ ಗೇಟಿನ ಹತ್ತಿರ ಗಂಡನ ಗೋಳು ಕೇಳಿಸಿತು. "ಲೇ ವನಜಾ, ಮಂಡಿ ಹಿಡ್ಕೊಂಡ್ಬಿಟ್ಟಿದೆ ಕಣೇ! ಜೀವ ಹೋಗ್ತಿದೆ, ಬಾರೇ!"

ಆಕೆ ಆರಾಮಾಗಿ ಇನ್ನೊಂದು ಸಂಡಿಗೆ ಇಟ್ಟು, ಬಗ್ಗಿ ನೋಡಿದರು.

"ನಾಲ್ಕು ಹೆಜ್ಜೆ ನಡೀರಿ, ಸರಿಹೋಗುತ್ತೆ."