ಗಂಧಕ ತಿನ್ನುವ ಕೆಸರು

ತಾಮ್ರದ ಪಟ್ಟಿ ಕಪ್ಪಗಾಗಿತ್ತು.

ಹುಚ್ಚರಾಯಪ್ಪ ಮೇಷ್ಟ್ರು ಅದನ್ನು ಬೆಳಕಿಗೆ ಎತ್ತಿ ಹಿಡಿದರು. ಸೀಮೆಎಣ್ಣೆಯಲ್ಲಿ ಗಂಧಕ ಉಳಿದಿದ್ದರೆ ತಾಮ್ರ ಕಪ್ಪಾಗುತ್ತದೆ, ಹೋಗಿದ್ದರೆ ಹೊಳೆಯುತ್ತದೆ. ಹೊಳೆಯುವುದನ್ನು ತೋರಿಸಲೆಂದೇ ಪ್ರೊಫೆಸರನ್ನು ಶಿವಮೊಗ್ಗದಿಂದ ಶಿಕಾರಿಪುರದ ಈ ಹೈಸ್ಕೂಲಿಗೆ ಕರೆಸಿದ್ದರು. ಪ್ರಯೋಗದ ಸೀಸೆಯ ಬಾಯಿಗೆ ತುರುಕಿದ್ದ ಹತ್ತಿ ತೆಗೆದಾಗಲೇ ಗಂಧಕದ ನಾತ ಮೂಗಿಗೆ ಬಡಿದಿತ್ತು. ಮೇಷ್ಟ್ರು ಆದರೂ ಪಟ್ಟಿಯನ್ನು ನಂಬಿದ್ದರು.

ಸೀಮೆಎಣ್ಣೆ ಡಿಪೋದ ಪೀಪಾಯಿಗಳ ಅಡಿಯ ಕೆಸರಲ್ಲಿ ಗಂಧಕ ತಿನ್ನುವ ಸೂಕ್ಷ್ಮಜೀವಿಗಳಿವೆ ಎಂಬುದು ಅವರ ವಾದ. ಆ ಕೆಸರು, ನೀರು, ಮೇಲೆ ಕೊಳೆತ ಮೊಟ್ಟೆಯ ನಾತದ ಸೀಮೆಎಣ್ಣೆ, ಎಲ್ಲ ಒಂದೇ ಸೀಸೆಯಲ್ಲಿ. ಎರಡು ವರ್ಷ ಊರು ನಕ್ಕಿತ್ತು. ಹೋದ ತಿಂಗಳು ಪಟ್ಟಿ ಕಪ್ಪಾಗದೆ ಬರೀ ಕಂದಿದ್ದಾಗ ಮೇಷ್ಟ್ರು ಕುಣಿದಾಡಿದ್ದರು. ಡಿಪೋದ ನೆಲಕ್ಕೆ ಅಷ್ಟರಲ್ಲಿ ಸಿಮೆಂಟು ಬಿದ್ದಿತ್ತು. ಉಳಿದದ್ದು ಸೀಸೆಯ ಕೆಸರು ಮಾತ್ರ. ಪಟ್ಟಿ ಹೊಳೆದರೆ ಸೀಸೆಯನ್ನೂ ಮೇಷ್ಟ್ರನ್ನೂ ಬೆಂಗಳೂರಿನ ಪ್ರಯೋಗಾಲಯಕ್ಕೆ ಕರೆದೊಯ್ಯುವುದಾಗಿ ಪ್ರೊಫೆಸರು ಬರೆದಿದ್ದರು.

"ಇರಲಿ ಬಿಡಿ, ಪ್ರಯತ್ನ ಒಳ್ಳೇದೇ," ಎಂದು ಪ್ರೊಫೆಸರು ಕೊಡೆ ತೆಗೆದುಕೊಂಡು ಬಸ್ಸಿಗೆ ಹೊರಟರು. ಬೈದಿದ್ದರೂ ಮೇಷ್ಟ್ರಿಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಬಾಗಿಲ ಬಳಿ ಜವಾನ ಕೆಂಪಪ್ಪ ತಲೆ ತಗ್ಗಿಸಿ ನಿಂತಿದ್ದ. ದಿನಾ ಬೆಳಿಗ್ಗೆ ಸೀಸೆ ಕುಲುಕುವ ಕೆಲಸ ಅವನದು.

ಹೋದ ತಿಂಗಳೇ ಸೀಸೆಯಲ್ಲಿ ಎರಡು ಬೆರಳು ಎಣ್ಣೆ ಇಳಿದಿತ್ತು. ಮೇಷ್ಟ್ರು ಇಡೀ ತರಗತಿಯ ಎದುರು ಅವನನ್ನು ಕಳ್ಳ ಎಂದು ಬೈದು, ಅವನ ಬುತ್ತಿಯ ಚೀಲ ಕೊಡವಿಸಿದ್ದರು. ಎರಡು ರೊಟ್ಟಿ ನೆಲಕ್ಕೆ ಬಿದ್ದವು. ಎಣ್ಣೆ ಹತ್ತಿಯ ಮೂಲಕ ಆವಿಯಾಗಿ ಹೋಗಿದೆ ಎಂದು ಅದೇ ಸಂಜೆ ಮೇಷ್ಟ್ರಿಗೆ ಹೊಳೆದಿತ್ತು. ವಿಜ್ಞಾನದ ಮೇಷ್ಟ್ರಾಗಿ ಇಷ್ಟು ತಿಳಿಯಲಿಲ್ಲವಲ್ಲ ಎಂದು ನಾಚಿದ್ದರು. ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬಂದಿರಲಿಲ್ಲ.

ಈಗ ಅವನು ಸೇಡು ತೀರಿಸಿಕೊಂಡನೆ?

"ಸೀಸೆಗೆ ಏನು ಮಾಡಿದೆಯೋ?"

ಕೆಂಪಪ್ಪನ ಕಣ್ಣಲ್ಲಿ ನೀರು ಬಂತು. "ನಿನ್ನೆ ಎಲ್ಲಾ ಚೆಲ್ಲೀನ್ರೀ ಸಾರ್. ಕೆಸರೂ ಚೆಲ್ಲಿ, ನಮ್ಮ ಗದ್ದೆ ಕೆಸರು ಹಾಕಿ, ಮನ್ಯಾಗಿನ ಎಣ್ಣೆ ತಂದು ತುಂಬೀನಿ."

"ನನ್ನ ಮಾನ ಕಳೆಯೋಕೆ?"

"ದೇವ್ರಾಣೆ ಅಲ್ರೀ! ನಾನೇ ಎಣ್ಣೆ ಕದ್ದು ಬ್ಯಾರೆ ಏನೋ ತುಂಬೀನಿ ಅಂತ ಮತ್ತೆ ಮಕ್ಕಳ ಮುಂದೆ ಚೀಲ ಕೊಡವಿಸ್ತೀರಿ ಅಂತ ಹೆದರಿಕೆ ಆತ್ರೀ."

"ನಾನ್ಯಾಕೋ ಹಾಗಂತೀನಿ? ಎಣ್ಣೆಗೆ ಏನಾಗಿತ್ತು?"

"ಅದ್ರಾಗ ನಾತಾನೇ ಇರಲಿಲ್ರೀ."