ತಿಪ್ಪೇಶನ ಪೆನ್ನು

ಆಗದ ತುತ್ತೊಂದು ಹೊಟ್ಟೆಗಿಳಿದು ಮೈ ಕೆರಳಿದರೆ ಮೊದಲು ಸೋಲುವುದು ಸ್ವಂತ ಕೈ. ಹಾಗಾಗಿ, ಎಲ್ಲರಿಗೂ ಒಂದಲ್ಲ ಒಂದು ಆಹಾರದ ಅಲರ್ಜಿ ಇದ್ದ ಆ ಕಾಲದಲ್ಲಿ, ತಮ್ಮ ಚುಚ್ಚುಮದ್ದಿನ ಪೆನ್ನನ್ನು ಯಾರೂ ತಾವೇ ಇಟ್ಟುಕೊಳ್ಳುತ್ತಿರಲಿಲ್ಲ. ಮದುವೆಯಲ್ಲಿ ಹಾರದ ಜೊತೆ ಪೆನ್ನೂ ಬದಲಾಗುತ್ತಿತ್ತು.

ತಿಪ್ಪೇಶನ ಪೆನ್ನನ್ನು ದಾಕ್ಷಾಯಿಣಿ ಹದಿನಾರು ವರ್ಷ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದ್ದಳು. ವಿಚ್ಛೇದನದ ಕಾಗದ ಕೈಸೇರಿದ ಮರುದಿನವೇ, ಅವನನ್ನು ಮದುವೆಯಾಗಲಿರುವ ಮಂದಾರ ಅದನ್ನು ಒಯ್ಯಲು ಬಂದಳು.

"ದದ್ದು ಎದ್ದು, ತುಟಿ ಊದಿದ ತಕ್ಷಣ ಚುಚ್ಚಬೇಕು ಅಲ್ವಾ ಅಕ್ಕ? ಚೀಟೀಲಿ ಹಾಗೇ ಬರೆದಿದೆ."

"ಚೀಟಿ ಬಿಡಮ್ಮ. ಅವರಿಗೆ ದದ್ದು ಏಳೋದೇ ಇಲ್ಲ. ಊಟ ಮಾಡ್ತಾ ಮಾಡ್ತಾ ದನಿ ಒಡೆಯುತ್ತೆ. ಕೇಳಿದ್ರೆ ಏನಿಲ್ಲ ಅಂತ ಸಿಡುಕ್ತಾರೆ. ಮಾತ್ರೆ ಕೊಟ್ಟು ಕಾಯಬೇಡ. ತೊಡೆ ಹೊರಬದಿಗೆ, ಪ್ಯಾಂಟಿನ ಮೇಲೇ ಚುಚ್ಚಿಬಿಡು. ಆಂಬುಲೆನ್ಸ್ ಬರೋವರೆಗೂ ಎದ್ದು ಓಡಾಡೋಕೆ ಬಿಡಬೇಡ."

ಮಂದಾರ ಪೆನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬ್ಯಾಗಿನಿಂದ ಇನ್ನೊಂದು ಪೆನ್ನು ತೆಗೆದು ಮೇಜಿನ ಮೇಲಿಟ್ಟಳು. "ನಿಮ್ಮದು. ಅವರು ಕೊಟ್ಟು ಕಳಿಸಿದ್ರು."

ದಾಕ್ಷಾಯಿಣಿ ತಲೆಯಾಡಿಸಿದಳು. ಆ ಮನೆಯಲ್ಲಿ ಅದನ್ನು ಎತ್ತಿಕೊಳ್ಳಲು ಬೇರೆ ಕೈ ಇರಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡ ಮಂದಾರ, ಒಂದು ಗಳಿಗೆ ನಿಂತು, ಮತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮೇಜಿನ ಮೇಲಿನ ಪೆನ್ನನ್ನೂ ಕೈಗೆತ್ತಿಕೊಂಡಳು.

"ನಾನಿರೋದು ಇಲ್ಲೇ ಎರಡನೇ ಕ್ರಾಸಲ್ಲಿ. ಹೇಳಿ ಅಕ್ಕ, ನಿಮಗೆ ಮೊದಲು ಏನಾಗುತ್ತೆ?"

ಹದಿನಾರು ವರ್ಷ ಯಾರೂ ಕೇಳದ ಪ್ರಶ್ನೆ ಅದು. ದಾಕ್ಷಾಯಿಣಿ ಕುರ್ಚಿ ಎಳೆದು ಅವಳನ್ನು ಕೂರಿಸಿ, ಹೇಳತೊಡಗಿದಳು.