ಕೊನೆಯ ಹಿಡಿ ಜೋಳ

ಬೀಸುಕಲ್ಲಿನ ಗೂಟ ಹಿಡಿದ ಶಿವಕಾಂತಾಳ ಕೈ ನಿಲ್ಲಲೇ ಇಲ್ಲ. ರಜಾಕಾರರ ವಿರುದ್ಧ ಹೋರಾಡಲು ಗಂಡ ಬಸಲಿಂಗ ತಮ್ಮೂರು ಸರಸಂಬಾ ಬಿಟ್ಟು ಗಡಿಯಾಚೆಯ ಶಿಬಿರಕ್ಕೆ ಹೋಗಿ ಹದಿನೇಳು ದಿನವಾಗಿತ್ತು. ಅವನ ಚಿಂತೆ ಹತ್ತಿದಾಗಲೆಲ್ಲ ಅವಳು ಬೀಸಲು ಕೂರುತ್ತಿದ್ದಳು. ಕಲ್ಲಿನ ಸದ್ದಿಗೆ ತಲೆಯೊಳಗಿನ ಸದ್ದು ಅಡಗುತ್ತಿತ್ತು. ಹಿಟ್ಟಿನ ಬುಟ್ಟಿ ಆಗಲೇ ತುಂಬಿತ್ತು.

"ಅತ್ತಿ, ಇನ್ನೊಂದೀಟು ಜ್ವಾಳ ಕೊಡ್ರಿ."

ಅತ್ತೆ ಸುಭದ್ರಾಬಾಯಿ ಮುಖ ತೋರಿಸದೆ ಮೊರ ಸರಿಸಿದಳು. ದಿನವೂ "ಸಾಕ ಬೇ, ರಟ್ಟಿ ಸೋತಾವು" ಎಂದು ಬೈಯುವವಳು ಇಂದು ಮಧ್ಯಾಹ್ನದಿಂದ ಮಾತೇ ಆಡಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ನೀಲವ್ವ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಹೊತ್ತು ಬಂದಳು. ಕಲ್ಲಿನ ಸದ್ದಿಗೆ ಬಾಗಿಲಲ್ಲೇ ಗಕ್ಕನೆ ನಿಂತಳು. ಸುಭದ್ರಾಬಾಯಿ ಅವಳಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಅಂದಳು: "ಇನ್ನೊಂದ ಹಿಡಿ ಉಳದಾವ. ಅದೊಂದು ಬೀಸಿ ಮುಗಸ್ಲಿ ಬಿಡು."

ಆ ಮಾತು ಕಿವಿಗೆ ಬಿದ್ದ ಶಿವಕಾಂತಾ ರೊಟ್ಟಿಯ ಗಂಟನ್ನು ನೋಡಿದಳು. ಸಾವಾಗಿ ಒಲೆ ಹೊತ್ತದ ಮನೆಗಷ್ಟೇ ಆ ಓಣಿಯವರು ಹೀಗೆ ರೊಟ್ಟಿ ತರುತ್ತಿದ್ದರು. ಮೊರದಲ್ಲಿದ್ದ ಕೊನೆಯ ಹಿಡಿ ಜೋಳವನ್ನು ಅವಳು ಎಡಗೈಯಲ್ಲಿ ಬಿಗಿಯಾಗಿ ಮುಚ್ಚಿಕೊಂಡಳು. ಬಲಗೈಯಿಂದ ಬರಿಗಲ್ಲನ್ನೇ ತಿರುಗಿಸತೊಡಗಿದಳು.